ಫೋಟೋನೇ ಪಾಸ್‌ವರ್ಡ್ ಆದಾಗ: ನೆನಪೂ ಸುಲಭ, ಊಹೆಯೂ ಸುಲಭ

ನಿಮ್ಮ ಹತ್ತನೇ ಕ್ಲಾಸಿನ ಗ್ರೂಪ್ ಫೋಟೋ ಇವತ್ತು ನೋಡಿದ್ರೂ ಮುಖಗಳು ಥಟ್ಟನೆ ಗುರುತು ಸಿಗುತ್ತವೆ ಅಲ್ವಾ? ಹೋದ ತಿಂಗಳು ಇಟ್ಟ ಪಾಸ್‌ವರ್ಡ್ ಮಾತ್ರ ಮರೆತೇ ಹೋಗಿರುತ್ತೆ. ಹಾಗಾದ್ರೆ ಫೋಟೋವನ್ನೇ ಪಾಸ್‌ವರ್ಡ್ ಮಾಡಿಬಿಟ್ರೆ? ಇವತ್ತಿನ ಕಥೆ ಅದೇ.

ಚಿತ್ರದ ನೆನಪು ಗಟ್ಟಿ ಅನ್ನೋದಕ್ಕೆ ಹಳೇ ಪುರಾವೆ ಇದೆ. 1973ರಲ್ಲಿ ಮನೋವಿಜ್ಞಾನಿ ಲಯೊನೆಲ್ ಸ್ಟ್ಯಾಂಡಿಂಗ್ ಒಂದು ಪ್ರಯೋಗದಲ್ಲಿ 10,000 ಚಿತ್ರಗಳವರೆಗೂ ತೋರಿಸಿದರು. ಇದರಲ್ಲಿ ನೋಡಿದ್ದು ಯಾವುದು, ಹೊಸದು ಯಾವುದು ಅಂತ ಕೇಳಿದಾಗ ಜನ ಬಹುಪಾಲು ಸರಿಯಾಗಿಯೇ ಹೇಳಿದರು.

1996ರಲ್ಲಿ ಅಮೆರಿಕದ ಗ್ರೆಗ್ ಬ್ಲಾಂಡರ್ ಅವರಿಗೆ ಒಂದು ಪೇಟೆಂಟ್ ಸಿಕ್ಕಿತು. ಪರದೆ ಮೇಲೆ ಒಂದು ಚಿತ್ರ. ಅದರಲ್ಲಿ ಮೊದಲೇ ಗೊತ್ತು ಮಾಡಿಕೊಂಡ ಜಾಗಗಳನ್ನ ಕ್ರಮವಾಗಿ ಮುಟ್ಟಿದರೆ ಬಾಗಿಲು ತೆರೆಯುತ್ತೆ. ಆಮೇಲೆ ಮುಖಗಳನ್ನ ಗುರುತಿಸಿ ಒಳಗೆ ಹೋಗುವ ಪದ್ಧತಿಯೂ ಬಂತು. ಒಂಬತ್ತು ಮುಖಗಳಲ್ಲಿ ನಿಮ್ಮದೊಂದು, ಹೀಗೆ ನಾಲ್ಕು ಸುತ್ತು. ಲೆಕ್ಕ ಹಾಕಿದರೆ 6,561 ಸಾಧ್ಯತೆ.

ಲೆಕ್ಕ ಚೆನ್ನಾಗಿಯೇ ಇತ್ತು, ಕೈಕೊಟ್ಟಿದ್ದು ಮನಸ್ಸು! 2004ರಲ್ಲಿ ಡೇವಿಸ್, ಮನ್ರೋಸ್, ರೈಟರ್ ಎಂಬ ಸಂಶೋಧಕರು ವಿದ್ಯಾರ್ಥಿಗಳಿಗೇ ಮುಖಗಳನ್ನ ಆರಿಸಿಕೊಳ್ಳೋಕೆ ಬಿಟ್ಟರು. ಹೆಚ್ಚಿನವರು ಆರಿಸಿದ್ದು ತಮ್ಮದೇ ಜನಾಂಗದ ಮುಖಗಳನ್ನ, ಸುಂದರವಾದ ಮುಖಗಳನ್ನ. ಅದರಲ್ಲೂ ಹುಡುಗರ ಆಯ್ಕೆಯನ್ನ ಊಹಿಸೋದು ಎಷ್ಟು ಸುಲಭವಾಗಿತ್ತು ಅಂದ್ರೆ, ತಪ್ಪು ಊಹೆಗಳಿಗೆ ಮಿತಿ ಹಾಕಿದ ಮಾತ್ರಕ್ಕೆ ಈ ಪದ್ಧತಿಯನ್ನ ಸುರಕ್ಷಿತ ಮಾಡೋಕೆ ಆಗಲ್ಲ ಅಂತಲೇ ಅವರು ಬರೆದರು.

ಆದರೂ ಆಸೆ ಬಿಡಲಿಲ್ಲ. 2012ರಲ್ಲಿ ವಿಂಡೋಸ್ 8 ಬಂದಾಗ ನಮ್ಮದೇ ಫೋಟೋ ಹಾಕಿಕೊಳ್ಳುವ ಅವಕಾಶ ಸಿಕ್ಕಿತು. ಅದರ ಮೇಲೆ ವೃತ್ತ, ಗೆರೆ ಅಥವಾ ಚುಕ್ಕಿ, ಒಟ್ಟು ಮೂರು ಗುರುತು. ಮರುವರ್ಷವೇ ಇನ್ನೊಂದು ತಂಡ 800ಕ್ಕೂ ಹೆಚ್ಚು ಜನರಿಂದ ಇಂಥ 10,000ಕ್ಕೂ ಹೆಚ್ಚು ಪಾಸ್‌ವರ್ಡ್ ಸಂಗ್ರಹಿಸಿ ನೋಡಿತು. ಜನರಿರೋ ಫೋಟೋದಲ್ಲಿ ಬೆರಳು ಹೋಗಿ ನಿಲ್ಲುತ್ತಿದ್ದದ್ದು ಹೆಚ್ಚಾಗಿ ಕಣ್ಣಿನ ಮೇಲೆ!

ನೋಡಿ, ನಮಗೆ ಇಷ್ಟವಾದದ್ದು ನಮಗೆ ಮರೆಯಲ್ಲ. ಆದ್ರೆ ನಮ್ಮ ಇಷ್ಟ ಬೇರೆಯವರಿಗೂ ಗೊತ್ತಾಗಿಬಿಡುತ್ತೆ. ಅಪ್ಪ-ಅಮ್ಮನ ಹೆಸರು, ಹುಟ್ಟಿದ ದಿನ ಪಾಸ್‌ವರ್ಡ್ ಆಗಬಾರದು ಅಂತ ಹೇಳೋದೂ ಇದಕ್ಕೇ. ಫೋಟೋ ಲಾಕ್ ಇಟ್ಟುಕೊಳ್ಳೋದಾದ್ರೆ ಮುಖ ಬಿಡಿ. ಹಿಂದಿನ ಗೋಡೆಯಲ್ಲಿ ಯಾರೂ ಗಮನಿಸದ ಒಂದು ಮೂಲೆ ಹುಡುಕಿ.