ನಾರಾಯಣಪೇಟೆ, ಮಕ್ತಲ್‌, ಗದ್ವಾಲ್‌ ಸೀಮೆಯಲ್ಲಿ ಸಂಖ್ಯಾಶಾಸ್ತ್ರ

ಮಾಹಿತಿ ಕಲೆಹಾಕುವುದು, ಅದರ ಸರಾಸರಿ, ಮಧ್ಯಾಂಕ, ಬಹುಲಕ ತೆಗೆಯುವುದು, ಸ್ವಲ್ಪವನ್ನು ನೋಡಿ ಇಡಿಯದರ ಬಗ್ಗೆ ಅಂದಾಜು ಕಟ್ಟುವುದು: ಹಿರಿಯ ಪ್ರಾಥಮಿಕ ಶಾಲೆಯ ಗಣಿತದಲ್ಲಿ ಇವೆಲ್ಲ ದತ್ತಾಂಶ ನಿರ್ವಹಣೆಯ ಪಾಠದಡಿ ಬರುತ್ತವೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಈ ಭಾಗಕ್ಕೆ ಕೆಳಗಿನ ತರಗತಿಗಳಿಂದಲೇ ಗಟ್ಟಿಯಾದ ಜಾಗ ಸಿಕ್ಕಿತು. ತೆಲಂಗಾಣದ ನಾರಾಯಣಪೇಟೆ, ಮಕ್ತಲ್‌, ಗದ್ವಾಲ್‌ ಸೀಮೆಗೆ ಪಾಠ ಬಂದದ್ದು ತಡವಾಗಿ. ಆದರೆ ಆ ಪಾಠದೊಳಗಿನ ಲೆಕ್ಕಗಳು ಬೆಳೆಯ ಅಂದಾಜಾಗಿ, ಜನಗಣತಿಯಾಗಿ, ಹೊಳೆಯ ಮುನ್ಸೂಚನೆಯಾಗಿ ಇಲ್ಲಿನ ಜನರ ಬದುಕನ್ನು ಮೊದಲಿನಿಂದಲೂ ಅಳೆಯುತ್ತ ಬಂದಿವೆ.

ಮಾದರಿ ತೆಗೆದು ಅಳೆಯುವ ಪದ್ಧತಿ ಬರುವ ಮುನ್ನ ದೇಶದ ಬಹುಭಾಗದಲ್ಲಿ ಬೆಳೆಯ ಲೆಕ್ಕ ಆಣೆವಾರಿಯದು. ಹದಿನಾರಾಣೆ ಎಂದರೆ ಪೂರ್ತಿ ಬೆಳೆ. ಊರಿನ ಅಧಿಕಾರಿ ಹೊಲದ ಬದುವಿನ ಮೇಲೆ ನಿಂತು ನೋಡಿ ಎಂಟಾಣೆ, ಹತ್ತಾಣೆ ಎಂದು ಬರೆದುಕೊಂಡರೆ ಕಂದಾಯದ ಮಾಫಿಗೂ ಬರ ಘೋಷಣೆಗೂ ಅದೇ ಆಧಾರ. ಒಬ್ಬನ ಕಣ್ಣಳತೆಯ ಮೇಲೆ ಇಡೀ ಊರಿನ ಹೊರೆ ನಿಂತಿರುತ್ತಿತ್ತು. ಇದಕ್ಕೆ ಮದ್ದು ಸಿಕ್ಕಿದ್ದು ಯಾದೃಚ್ಛಿಕ ಮಾದರಿಯಲ್ಲಿ. ಪಿ.ಸಿ. ಮಹಲನೋಬಿಸ್‌ 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿ, ಆ ದಶಕದಲ್ಲೇ ಬಂಗಾಳದ ಸೆಣಬಿನ ಹೊಲಗಳ ಮಾದರಿ ಸಮೀಕ್ಷೆಗೆ ಕೈಹಾಕಿದರು. 1940ರ ದಶಕದಲ್ಲಿ ಪಿ.ವಿ. ಸುಖಾತ್ಮೆ ಬೆಳೆ ಕಟಾವು ಪ್ರಯೋಗವನ್ನು ದೇಶದ ತುಂಬ ಹರಡಿದರು. ಕೊಯ್ದು ನೋಡುವ ತುಂಡು ಎಷ್ಟು ದೊಡ್ಡದಿರಬೇಕು ಎಂಬುದರ ಮೇಲೆ ಇಬ್ಬರಿಗೂ ತೀವ್ರ ಭಿನ್ನಾಭಿಪ್ರಾಯವಿತ್ತು.

ಪ್ರಯೋಗದ ಕ್ರಮ ಹೀಗಿದೆ. ಮೊದಲು ಊರು, ಆಮೇಲೆ ಸರ್ವೆ ನಂಬರು, ಎರಡನ್ನೂ ಯಾದೃಚ್ಛಿಕ ಸಂಖ್ಯೆಗಳ ಪಟ್ಟಿಯಿಂದ ಆರಿಸುತ್ತಾರೆ. ಹೊಲದ ಒಂದು ಮೂಲೆಯಲ್ಲಿ ನಿಂತು, ಉದ್ದಕ್ಕೆ ಇಷ್ಟು ಹೆಜ್ಜೆ, ಅಡ್ಡಕ್ಕೆ ಇಷ್ಟು ಹೆಜ್ಜೆ ಎಂದು ಅದೇ ಪಟ್ಟಿ ಹೇಳಿದಂತೆ ನಡೆದು ಗೂಟ ಹೊಡೆಯುತ್ತಾರೆ. ಅಲ್ಲಿಂದ ಹಗ್ಗ ಎಳೆದು, ಸಾಮಾನ್ಯವಾಗಿ 5 ಮೀಟರ್‌ ಉದ್ದ 5 ಮೀಟರ್‌ ಅಗಲದ ಚೌಕ ಗುರುತಿಸಿ, ಅದರೊಳಗಿನ ಬೆಳೆಯನ್ನಷ್ಟೇ ಕೊಯ್ದು, ಬಡಿದು, ತೂಗುತ್ತಾರೆ. ಹಸಿ ಕಾಳಿನ ತೂಕ ಮೋಸ ಮಾಡುತ್ತದೆ. ಅದಕ್ಕೇ ಒಂದಿಷ್ಟನ್ನು ಒಣಗಿಸಿ ಮತ್ತೆ ತೂಗುವುದೂ ಉಂಟು. ಗೂಟ ಬಿದ್ದ ಜಾಗದಲ್ಲಿ ಬೆಳೆ ಸೊರಗಿದ್ದರೆ ‘ಇಲ್ಲಿ ಬೇಡ, ಆಚೆ ಹೊಡೀರಿ’ ಎನ್ನುವ ಆಸೆ ಯಾರಿಗಾದರೂ ಬಂದೀತು. ಗೂಟ ಒಮ್ಮೆ ಸರಿದರೆ ಮಾದರಿ ಕೆಟ್ಟಿತು. 1985ರ ಸಮಗ್ರ ಬೆಳೆ ವಿಮೆಯಿಂದ 2016ರ ಫಸಲ್‌ ಬಿಮಾವರೆಗೆ ಪರಿಹಾರ ನಿಂತದ್ದು ಇಂಥ ಚೌಕಗಳಿಂದ ತೆಗೆದ ಪ್ರದೇಶವಾರು ಸರಾಸರಿ ಇಳುವರಿಯ ಮೇಲೆ. ಒಬ್ಬನ ಹೊಲ ಪೂರ್ತಿ ಒಣಗಿದರೂ ಸುತ್ತಲಿನ ಸರಾಸರಿ ಚೆನ್ನಾಗಿದ್ದರೆ ಅವನ ಕೈಗೆ ಏನೂ ಬರುತ್ತಿರಲಿಲ್ಲ.

ಈ ಸೀಮೆಯ ಕನ್ನಡಿಗರ ಮಟ್ಟಿಗೆ ಇದಕ್ಕಿಂತ ದೊಡ್ಡ ಲೆಕ್ಕ ಜನಗಣತಿಯದು. ಹೈದರಾಬಾದ್‌ ಸಂಸ್ಥಾನದಲ್ಲಿ ಮೊದಲ ಗಣತಿ ನಡೆದದ್ದು 1881ರಲ್ಲಿ. ಆಗ ಎಣಿಕೆಗೆ ಸಿಕ್ಕವರು 98,45,594 ಜನ. 1891ರಲ್ಲಿ 1,15,37,040 ಇದ್ದ ಜನಸಂಖ್ಯೆ 1901ಕ್ಕೆ 1,11,41,142ಕ್ಕೆ ಇಳಿಯಿತು. ನಡುವೆ 1899–1900ರ ಬರ ಹಾದುಹೋಗಿತ್ತು.

ಭಾಷಾವಾರು ರಾಜ್ಯಗಳ ಮಾತು ಬಂದಾಗ ಗಣತಿಯ ಮಾತೃಭಾಷೆಯ ಅಂಕಣವೇ ಮುಖ್ಯ ಸಾಕ್ಷಿಯಾಯಿತು. 1953ರಲ್ಲಿ ನೇಮಕವಾದ ಫಜಲ್‌ ಅಲಿ ಆಯೋಗ 1955ರ ಸೆಪ್ಟೆಂಬರ್‌ನಲ್ಲಿ ವರದಿ ಕೊಟ್ಟಿತು. ಗಡಿ ಎಳೆಯುವಾಗ ಅದು ಹೆಚ್ಚಾಗಿ ಜಿಲ್ಲೆಯನ್ನೇ ಘಟಕವೆಂದು ಹಿಡಿಯಿತು. ಮಹಬೂಬ್‌ನಗರ ಜಿಲ್ಲೆಯನ್ನು ಒಟ್ಟಾಗಿ ನೋಡಿದರೆ ತೆಲುಗರದೇ ಬಹುಸಂಖ್ಯೆ. ಆ ಜಿಲ್ಲೆಯ ಪಡುವಣ ಅಂಚಿನ ನಾರಾಯಣಪೇಟೆ, ಮಕ್ತಲ್‌ ಕಡೆಯ ಕನ್ನಡ ಊರುಗಳು ಜಿಲ್ಲೆಯ ಮೊತ್ತದೊಳಗೆ ಕರಗಿಹೋದವು. ಗದ್ವಾಲಿನ ಕಥೆ ಬೇರೆ. 1956ರ ನವೆಂಬರ್‌ 1ರವರೆಗೆ ಅದು ರಾಯಚೂರು ಜಿಲ್ಲೆಯ ತಾಲೂಕು. ರಾಯಚೂರು ಮೈಸೂರು ರಾಜ್ಯಕ್ಕೆ ಬಂದಿತು, ಗದ್ವಾಲ್‌ ಮತ್ತು ಅಲಂಪುರ ತಾಲೂಕುಗಳು ಮಾತ್ರ ಕಳಚಿ ಆಂಧ್ರಪ್ರದೇಶಕ್ಕೆ ಹೋದವು. ಒಂದು ಕಡೆ ಜಿಲ್ಲೆಯ ಲೆಕ್ಕ, ಇನ್ನೊಂದು ಕಡೆ ತಾಲೂಕಿನ ಲೆಕ್ಕ. ಯಾವ ಘಟಕ ಹಿಡಿದು ಎಣಿಸುತ್ತೀರಿ ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ ಎನ್ನುವುದಕ್ಕೆ ಗಣಿತದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1951ರ ರಾಯಚೂರು ಜಿಲ್ಲೆಯನ್ನು 1961ರ ರಾಯಚೂರಿನೊಂದಿಗೆ ನೇರವಾಗಿ ಹೋಲಿಸುವಂತಿಲ್ಲ. ನಡುವೆ ಜಿಲ್ಲೆಯೇ ಬದಲಾಗಿದೆ. ಜೋಗುಳಾಂಬ ಗದ್ವಾಲ್‌ ಜಿಲ್ಲೆ ಹುಟ್ಟಿದ್ದು 2016ರ ಅಕ್ಟೋಬರ್‌ನಲ್ಲಿ, ನಾರಾಯಣಪೇಟೆ ಜಿಲ್ಲೆ 2019ರ ಫೆಬ್ರುವರಿಯಲ್ಲಿ. ಹಾಗಾಗಿ 2011ರ ಗಣತಿಯ ಹೆಸರಿನಲ್ಲಿ ಈ ಜಿಲ್ಲೆಗಳಿಗೆ ಕೊಡುವ ಅಂಕಿಗಳೆಲ್ಲ ಹಳೆಯ ಮಂಡಲಗಳ ಅಂಕಿಗಳನ್ನು ಕೂಡಿಸಿ ಪಡೆದವು.

ಗಡಿಯ ಶಾಲೆಗೂ ಒಂದು ಎಣಿಕೆಯ ಗೆರೆಯಿದೆ. 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಭೆ, ಶಾಲೆಯಲ್ಲಿ 40 ಮಕ್ಕಳು ಅಥವಾ ತರಗತಿಯಲ್ಲಿ 10 ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ ಆ ಭಾಷೆಯಲ್ಲಿ ಕಲಿಸಲು ಒಬ್ಬ ಶಿಕ್ಷಕರನ್ನು ಕೊಡಬೇಕೆಂದು ಒಪ್ಪಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಸಬೇಕೆನ್ನುವ 350ಎ ವಿಧಿಯೂ 1956ರಲ್ಲಿ ಸಂವಿಧಾನಕ್ಕೆ ಸೇರಿತು. ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಹಾಜರಿ ಪುಸ್ತಕವೇ ಮೊದಲ ದತ್ತಾಂಶ. ಅಲ್ಲಿನ ಮಕ್ಕಳಿಗೆ ಆವೃತ್ತಿ ಪಟ್ಟಿ ಕಲಿಸಲು ದೂರದ ಊರಿನ ಕ್ರಿಕೆಟ್‌ ಸ್ಕೋರು ಬೇಕಾಗಿಲ್ಲ ಎಂಬುದು ಈ ಲೇಖಕನ ಖಚಿತ ನಿಲುವು.

ಮಧ್ಯದ ಅಳತೆಗಳನ್ನೂ ಊರಿನಿಂದಲೇ ತೆಗೆಯಬಹುದು. ಒಂದು ಓಣಿಯ ಏಳು ಮನೆಗಳಿಗೆ 1, 2, 2, 3, 4, 5, 39 ಎಕರೆ ಜಮೀನಿದೆ ಎಂದಿಟ್ಟುಕೊಳ್ಳೋಣ. ಒಟ್ಟು 56 ಎಕರೆ, ಸರಾಸರಿ 8. ಆದರೆ ಆರು ಮನೆಗಳಿಗೆ 8ರ ಹತ್ತಿರವೂ ಜಮೀನಿಲ್ಲ. ಮಧ್ಯಾಂಕ 3, ಬಹುಲಕ 2. ಓಣಿಯ ನಿಜಸ್ಥಿತಿಗೆ ಇವೇ ಹತ್ತಿರ. ನೇಕಾರಿಕೆಯಲ್ಲಂತೂ ಬಹುಲಕಕ್ಕೇ ಬೆಲೆ. ಗದ್ವಾಲ್‌ ಸೀರೆಯ ಹತ್ತಿಯ ಒಡಲಿಗೆ ರೇಷ್ಮೆಯ ಅಂಚು, ಸೆರಗು ಕೂಡಿಸುವವರಿಗೆ ಯಾವ ಬಣ್ಣ ಹೆಚ್ಚು ಹೋಗುತ್ತದೆ ಎಂಬುದು ಬೇಕು. ಬಣ್ಣಗಳಿಗೆ ಸರಾಸರಿ ಎಂಬುದೇ ಇಲ್ಲ.

ಮುನ್ಸೂಚನೆಯ ಪಾಠಕ್ಕೆ ಕೃಷ್ಣೆ, ಭೀಮೆ ಇದ್ದಾವೆ. ಎರಡೂ ಕೂಡಿ ಹರಿದು ಗದ್ವಾಲ್‌ ಬಳಿಯ ಜುರಾಲಾ ಅಣೆಕಟ್ಟಿಗೆ ಬರುತ್ತವೆ. ಕೇಂದ್ರ ಜಲ ಆಯೋಗ 1958ರಲ್ಲಿ ದೆಹಲಿಯ ಯಮುನೆಯಲ್ಲಿ ಪ್ರವಾಹ ಮುನ್ಸೂಚನೆ ಆರಂಭಿಸಿತು. ಈ ಕಡೆ ಭೀಮೆಯನ್ನು ಯಾದಗಿರಿಯಲ್ಲಿ, ಕೃಷ್ಣೆಯನ್ನು ದೇವಸೂಗೂರಿನಲ್ಲಿ ಅದು ಅಳೆಯುತ್ತದೆ. ಅದು ಬಳಸುತ್ತ ಬಂದ ಒಂದು ಹಳೆಯ ವಿಧಾನ ಸರಳ: ಮೇಲಿನ ಠಾಣೆಯಲ್ಲಿ ನೀರು ಇಷ್ಟು ಏರಿದಾಗ ಕೆಳಗಿನ ಠಾಣೆಯಲ್ಲಿ ಎಷ್ಟು ಹೊತ್ತಿಗೆ ಎಷ್ಟು ಏರಿತ್ತು ಎಂದು ಹಳೆಯ ಪ್ರವಾಹಗಳ ಬಿಂದುಗಳನ್ನು ನಕ್ಷೆಯ ಹಾಳೆಯಲ್ಲಿ ಇಟ್ಟು, ಅವುಗಳ ನಡುವೆ ಗೆರೆ ಎಳೆಯುವುದು. ಹೊಸ ಅಳತೆ ಹಳೆಯ ಬಿಂದುಗಳ ವ್ಯಾಪ್ತಿಯೊಳಗೆ ಇರುವ ತನಕ ಗೆರೆ ನಂಬಿಕೆಗೆ ಅರ್ಹ.

2009ರಲ್ಲಿ ವ್ಯಾಪ್ತಿ ಮೀರಿತು. ಆ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದ ಮುಂಗಾರು ದೀರ್ಘಾವಧಿ ಸರಾಸರಿಗಿಂತ ಶೇ. 22ರಷ್ಟು ಕಡಿಮೆ, ಕಾಗದದ ಮೇಲೆ ಅದು ಬರದ ವರ್ಷ. ಸೆಪ್ಟೆಂಬರ್‌ ಕೊನೆ, ಅಕ್ಟೋಬರ್‌ ಮೊದಲ ದಿನಗಳಲ್ಲಿ ರಾಯಚೂರು, ಕರ್ನೂಲು, ಮಹಬೂಬ್‌ನಗರ ಜಿಲ್ಲೆಗಳ ಮೇಲೆ ಸುರಿದ ಮಳೆಗೆ ಕೃಷ್ಣೆಯೂ ತುಂಗಭದ್ರೆಯೂ ದಡ ಮೀರಿ, ಅಲಂಪುರ ಮತ್ತು ಕರ್ನೂಲು ನೀರಿನಲ್ಲಿ ಮುಳುಗಿದವು.