ಹಳೇ ಕೋಡು, ಹೊಸ ಮಳೆ

‘ಓಡ್ತಾ ಇರೋ ಕೋಡನ್ನ ಮುಟ್ಟಬೇಡ’ ಅನ್ನೋದು ನಮ್ಮ ಐಟಿ ಮಂದಿಯ ಮೊದಲ ನೀತಿಪಾಠ. ಈ ಪಾಠವನ್ನು ಪದೇ ಪದೇ ಮುರಿಯಬೇಕಾಗಿ ಬಂದವರಲ್ಲಿ ನನಗೆ ತುಂಬಾ ಕುತೂಹಲ ಹುಟ್ಟಿಸುವವರು ಹವಾಮಾನ ಇಲಾಖೆಗಳವರು. ಅವರ ಕೋಡು ದಿನಕ್ಕೆ ಹಲವು ಸಲ ಓಡಲೇಬೇಕು. ‘ದುರಸ್ತಿಗಾಗಿ ಒಂದು ವಾರ ಬಂದ್’ ಅಂತ ಬೋರ್ಡು ಹಾಕುವ ಹಾಗಿಲ್ಲ, ಚಂಡಮಾರುತ ಅಲ್ಲಿವರೆಗೆ ಕಾಯೋದಿಲ್ಲ.

ಈ ಕತೆ ಕಂಪ್ಯೂಟರಿಗಿಂತ ಹಳೆಯದು. ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ 1922ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಭೂಮಿಯನ್ನು ಚೌಕಗಳಾಗಿ ಹೆಚ್ಚಿ, ಪ್ರತಿ ಚೌಕದ ಗಾಳಿ, ಒತ್ತಡ, ತೇವವನ್ನು ಸಮೀಕರಣಗಳಿಂದ ಮುಂದಕ್ಕೆ ತಳ್ಳುತ್ತಾ ಹೋದರೆ ಹವಾಮಾನ ಸಿಗುತ್ತದೆ ಅನ್ನೋದು ಅವನ ವಾದ. ಇದಕ್ಕೆ 64,000 ಜನ ಒಂದೇ ದೊಡ್ಡ ಸಭಾಂಗಣದಲ್ಲಿ ಕೂತು ಲೆಕ್ಕ ಮಾಡುವ ಕಾರ್ಖಾನೆಯನ್ನು ಕಲ್ಪಿಸಿಕೊಂಡಿದ್ದ. ತಾನೇ ಕೈಯಾರೆ ಮಾಡಿದ ಮೊದಲ ಲೆಕ್ಕದಲ್ಲಿ ಆರು ಗಂಟೆಯಲ್ಲಿ ಒತ್ತಡ 145 ಮಿಲಿಬಾರ್ ಬದಲಾಗುತ್ತದೆ ಅಂತ ಬಂತು! ಉತ್ತರ ಅಸಂಬದ್ಧ, ಆದರೆ ವಿಧಾನ ಸರಿಯಿತ್ತು. 1950ರಲ್ಲಿ ಅಮೆರಿಕದ ಎನಿಯಾಕ್ ಯಂತ್ರ ಅದೇ ದಾರಿಯಲ್ಲಿ 24 ಗಂಟೆಗಳ ಮುನ್ಸೂಚನೆ ಕೊಟ್ಟಿತು. ಲೆಕ್ಕಕ್ಕೆ ಹಿಡಿದ ಸಮಯವೂ ಹೆಚ್ಚುಕಮ್ಮಿ 24 ಗಂಟೆ. ನಾಳೆ ಹೇಗಿರುತ್ತೆ ಅಂತ ಗೊತ್ತಾಗುವಷ್ಟರಲ್ಲಿ ನಾಳೆಯೇ ಬಂದಿರುತ್ತಿತ್ತು.

ಆಮೇಲೆ ಫೋರ್ಟ್ರಾನ್ ಬಂತು, ವಿಜ್ಞಾನಿಗಳು ಅದರಲ್ಲೇ ಬರೆದರು. ತೊಂದರೆ ಶುರುವಾಗಿದ್ದು ಯಂತ್ರಗಳ ಆಕಾರ ಬದಲಾದಾಗ. ಕ್ರೇ ಕಂಪನಿಯ ಹಳೆಯ ಸೂಪರ್‌ಕಂಪ್ಯೂಟರುಗಳು ಉದ್ದುದ್ದದ ಅಂಕಿಸಾಲುಗಳನ್ನು ಒಂದೇ ಏಟಿಗೆ ನುಂಗುತ್ತಿದ್ದವು, ಕೋಡನ್ನೂ ಅದಕ್ಕೆ ತಕ್ಕಂತೆ ಹೆಣೆದಿದ್ದರು. ಮುಂದೆ ನೂರಾರು ಸಣ್ಣ ಪ್ರೊಸೆಸರುಗಳು ಕೆಲಸ ಹಂಚಿಕೊಳ್ಳುವ ಯಂತ್ರಗಳು ಬಂದಾಗ ಆ ಹೆಣಿಗೆಯನ್ನೇ ಬಿಚ್ಚಬೇಕಾಯಿತು.

ಇದು ನಮ್ಮ ಬೆಂಗಳೂರಲ್ಲೂ ನಡೆದದ್ದು ನೋಡಿ. 1980ರ ದಶಕದ ಕೊನೆಗೆ ಅಮೆರಿಕ ಹತ್ತಾರು ಷರತ್ತು ಹಾಕಿ ದೆಹಲಿಯ ಹವಾಮಾನ ಕೇಂದ್ರಕ್ಕೆ ಒಂದು ಕ್ರೇ ಎಕ್ಸ್-ಎಂಪಿ ಕೊಟ್ಟಿತು. ಅಷ್ಟರಲ್ಲಾಗಲೇ, 1986ರಲ್ಲಿ, ಇಲ್ಲಿನ ಎನ್‌ಎಎಲ್‌ನಲ್ಲಿ ‘ಫ್ಲೋಸಾಲ್ವರ್’ ಎಂಬ ಸ್ವದೇಶಿ ಸಮಾಂತರ ಕಂಪ್ಯೂಟರಿನ ಕೆಲಸ ಶುರುವಾಗಿತ್ತು. ವಿಮಾನದ ಸುತ್ತ ಹರಿಯುವ ಗಾಳಿಯ ಲೆಕ್ಕಕ್ಕೆಂದು ಹುಟ್ಟಿದ ಯಂತ್ರ ಅದು. ಯು. ಎನ್. ಸಿನ್ಹಾ ಅವರ ತಂಡ ದೆಹಲಿಯ ಟಿ-80 ಹವಾಮಾನ ಮಾದರಿಯನ್ನು ಈ ಯಂತ್ರಕ್ಕೆ ಒಗ್ಗಿಸಿತು. ಮುಂದೆ ಅದೇ ಕೋಡನ್ನು ಫೋರ್ಟ್ರಾನ್ 90ರಲ್ಲಿ ಹೊಸದಾಗಿ ಬರೆದು ‘ವರ್ಷಾ’ ಅಂತ ಹೆಸರಿಟ್ಟರು. ಬೆಂಗಳೂರು ಐಟಿ ರಾಜಧಾನಿ ಅನ್ನಿಸಿಕೊಳ್ಳುವ ಮೊದಲೇ ಇಲ್ಲೊಂದು ಲೆಗಸಿ ಮೈಗ್ರೇಷನ್ ಶುರುವಾಗಿತ್ತು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಇತ್ತೀಚಿನ ಸುತ್ತು ಇನ್ನೂ ಕಷ್ಟದ್ದು. ಸುಮಾರು 2005ರ ಹೊತ್ತಿಗೆ ಪ್ರೊಸೆಸರುಗಳ ವೇಗ ಏರುವುದು ಹೆಚ್ಚುಕಡಿಮೆ ನಿಂತಿತು. ಹಳೇ ಕೋಡು ಹೊಸ ಚಿಪ್ಪಿನ ಮೇಲೆ ತಾನಾಗಿಯೇ ಜೋರಾಗಿ ಓಡುವ ಕಾಲ ಮುಗೀತು. ಈಗ ಶಕ್ತಿಯೆಲ್ಲ ಜಿಪಿಯುಗಳಲ್ಲಿ. ಇತ್ತ ಹವಾಮಾನದವರ ಹಸಿವು ಭಯಂಕರ: ಚೌಕದ ಅಗಲವನ್ನು ಅರ್ಧ ಮಾಡಿದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ, ಸಮಯದ ಹೆಜ್ಜೆಯೂ ಅರ್ಧವಾಗಬೇಕು. ಒಟ್ಟು ಎಂಟು ಪಟ್ಟು ಕೆಲಸ.

ಸ್ವಿಟ್ಜರ್ಲೆಂಡಿನವರು ಇದಕ್ಕೆ ಮೊದಲು ಧೈರ್ಯ ಮಾಡಿದರು. ಆಲ್ಪ್ಸ್ ಕಣಿವೆಗಳು ಕಾಣಬೇಕಾದರೆ 2.2 ಕಿ.ಮೀ. ಚೌಕ ಸಾಲದು, 1.1 ಬೇಕು. ‘ಕಾಸ್ಮೋ’ ಮಾದರಿಯಲ್ಲಿ ಗಾಳಿಯ ಚಲನೆ ಲೆಕ್ಕ ಹಾಕುವ ಭಾಗವನ್ನು ಪೂರ್ತಿಯಾಗಿ ಸಿ++ನಲ್ಲಿ ಮತ್ತೆ ಬರೆದರು. ಉಳಿದ ಫೋರ್ಟ್ರಾನಿಗೆ ಜಿಪಿಯು ಸೂಚನೆಗಳನ್ನು ಸೇರಿಸಿದರು. 2016ರಲ್ಲಿ ದಿನನಿತ್ಯದ ಮುನ್ಸೂಚನೆಯನ್ನೇ ಜಿಪಿಯು ಮೇಲೆ ಓಡಿಸಿದ ಮೊದಲ ರಾಷ್ಟ್ರೀಯ ಹವಾಮಾನ ಸಂಸ್ಥೆ ಅವರದಾಯಿತು.

ಇಲ್ಲೊಂದು ತಮಾಷೆಯ ತೊಡಕಿದೆ. ನಮ್ಮ ಕೆಲಸದಲ್ಲಿ ಹಳೇ ಸಿಸ್ಟಮ್‌ನ ಉತ್ತರ, ಹೊಸದರ ಉತ್ತರ ಒಂದೇ ಆದರೆ ಟೆಸ್ಟ್ ಪಾಸ್. ಹವಾಮಾನದಲ್ಲಿ ಅದು ನಡೆಯೋದಿಲ್ಲ. 1961ರಲ್ಲಿ ಎಡ್ವರ್ಡ್ ಲೊರೆಂಜ್ .506127 ಬದಲು .506 ಎಂದು ಟೈಪ್ ಮಾಡಿ, ಪೂರ್ತಿ ಬೇರೆಯೇ ಹವಾಮಾನ ಪಡೆದಿದ್ದ. ಜಿಪಿಯುನಲ್ಲಿ ಕೂಡುವ ಕ್ರಮ ಬದಲಾದರೆ ಕೊನೆಯ ದಶಾಂಶ ಸ್ವಲ್ಪ ಅಲುಗುತ್ತದೆ, ಕೆಲವು ದಿನಗಳ ಮುನ್ಸೂಚನೆಯಲ್ಲಿ ಆ ಅಲುಗಾಟವೇ ಬೆಳೆದು ಬೇರೆ ಮಳೆಯಾಗುತ್ತದೆ. ಹಾಗಾದರೆ ಇದು ಬಗ್ಗೋ, ಪ್ರಕೃತಿಯ ಗುಣವೋ? ಮಾದರಿಯನ್ನು ಹಲವು ಸಲ ಚೂರುಚೂರು ಬದಲಿಸಿ ಓಡಿಸಿ, ಹೊಸ ಕೋಡಿನ ವ್ಯತ್ಯಾಸ ಆ ಸಹಜ ಹರವಿನೊಳಗೇ ಇದೆಯಾ ಅಂತ ನೋಡಬೇಕು. ಬ್ಯಾಂಕ್ ಸಾಫ್ಟ್‌ವೇರ್ ಬದಲಿಸುವವರಿಗೆ ಈ ಪಾಡಿಲ್ಲ ಬಿಡಿ.

ಪ್ರತಿ ಹೊಸ ಯಂತ್ರಕ್ಕೂ ಹೀಗೆ ಮೊದಲಿಂದ ಬರೀತಾ ಕೂರಬೇಕಾ? ಇದಕ್ಕೆ ಬ್ರಿಟನ್ನಿನ ಮೆಟ್ ಆಫೀಸ್ ಕಂಡುಕೊಂಡ ಉತ್ತರ ನನಗಿಷ್ಟ. ಅವರ ಹಳೆಯ ‘ಯೂನಿಫೈಡ್ ಮಾಡೆಲ್’ ಬಳಸುವುದು ಅಕ್ಷಾಂಶ-ರೇಖಾಂಶದ ಜಾಲ. ಮೂಸಂಬಿ ತೊಳೆಗಳ ಗೆರೆ ತುದಿಯಲ್ಲಿ ಕೂಡುವ ಹಾಗೆ ರೇಖಾಂಶಗಳೆಲ್ಲ ಧ್ರುವದಲ್ಲಿ ಒತ್ತಿಕೊಳ್ಳುತ್ತವೆ, ಲಕ್ಷಾಂತರ ಪ್ರೊಸೆಸರುಗಳಿಗೆ ಅಲ್ಲೇ ಟ್ರಾಫಿಕ್ ಜಾಮ್. ಹೊಸ ಮಾದರಿಯ ಜಾಲ ಬಲೂನಿನಂತೆ ಊದಿದ ಘನಾಕೃತಿಯದ್ದು. ಇದಕ್ಕಿಂತ ಮುಖ್ಯವಾಗಿ, ವಿಜ್ಞಾನಿ ತನ್ನ ಸಮೀಕರಣವನ್ನು ಸರಳ ಫೋರ್ಟ್ರಾನಿನಲ್ಲಿ ಬರೆದರೆ ಸಾಕು. ಪ್ರೊಸೆಸರುಗಳ ನಡುವೆ ಕೆಲಸ ಹಂಚುವ ಕೋಡನ್ನು ‘ಸೈಕ್ಲೋನ್’ ಎಂಬ ಬೇರೊಂದು ಸಾಧನ ಹುಟ್ಟಿಸಿಕೊಡುತ್ತದೆ. ಯಂತ್ರ ಬದಲಾದರೆ ಈ ಸಾಧನವನ್ನು ತಿದ್ದಬೇಕು, ಭೌತಶಾಸ್ತ್ರವನ್ನಲ್ಲ. ಈ ಮಾದರಿಯ ಹೆಸರು ‘ಎಲ್‌ಎಫ್‌ರಿಕ್’: ಲೂಯಿಸ್ ಫ್ರೈ ರಿಚರ್ಡ್‌ಸನ್.

ಯೂನಿಫೈಡ್ ಮಾಡೆಲ್ ಬಳಸುವವರಲ್ಲಿ ಈಗ ನೋಯ್ಡಾದಲ್ಲಿರುವ ಆ ಹವಾಮಾನ ಕೇಂದ್ರವೂ ಒಂದು. ಹಾಗಾಗಿ ಇದು ದೂರದವರ ತಲೆನೋವಲ್ಲ. 2024ರಲ್ಲಿ ಪುಣೆಗೆ ‘ಅರ್ಕ’, ನೋಯ್ಡಾಕ್ಕೆ ‘ಅರುಣಿಕಾ’ ಎಂಬ ಹೊಸ ಸೂಪರ್‌ಕಂಪ್ಯೂಟರುಗಳು ಬಂದವು. 2025ರ ಮೇ ತಿಂಗಳಿಂದ ಭಾರತದ ಜಾಗತಿಕ ಮುನ್ಸೂಚನೆಯ ಚೌಕ 12 ಕಿ.ಮೀ.ಯಿಂದ 6ಕ್ಕೆ ಇಳಿದಿದೆ. 2018ರ ಆಗಸ್ಟಿನ ಕೊಡಗನ್ನು ನೆನಪಿಸಿಕೊಳ್ಳಿ. ಬೆಟ್ಟದ ಈ ಮಗ್ಗುಲಿಗೂ ಆ ಮಗ್ಗುಲಿಗೂ ಮಳೆ ಬೇರೆಯಾಗುವ ಘಟ್ಟದ ಸೀಮೆಗೆ 6 ಕಿ.ಮೀ. ಇನ್ನೂ ದಪ್ಪ ಕುಂಚವೇ. ಅದನ್ನು ಸಪೂರ ಮಾಡಲು ಕೋಟಿಗಟ್ಟಲೆ ಸುರಿದು ಯಂತ್ರ ತರಬಹುದು. ಅದರ ಮೇಲೆ ನಲವತ್ತು ವರ್ಷದ ಕೋಡನ್ನು ಕೆಡದ ಹಾಗೆ ಕೂರಿಸುವವರು ಬೇಕಲ್ಲ, ಅಂಥವರನ್ನು ದುಡ್ಡು ಕೊಟ್ಟು ತರಿಸಲಾಗದು, ಬೆಳೆಸಬೇಕು. ಮೈಗ್ರೇಷನ್ ಪ್ರಾಜೆಕ್ಟ್ ಅಂದರೆ ಮೂಗು ಮುರಿಯುವ ನಮ್ಮ ಊರಲ್ಲಿ ಅಂಥ ಕೈಗಳಿಗೆ ಬರವೇನಿಲ್ಲ ಅಂತ ನನ್ನ ನಂಬಿಕೆ.