ಕೇತಿಯಿಂದ ಬಲ್ಮಠಕ್ಕೆ: ಸಭಾಪಾಲಕರ ಓದಿನ ಕಥೆ



ಹೋದ ತಿಂಗಳು ಯುವಜನರ ಕೂಟ ಮುಗಿದು ಚಹಾ ಕುಡಿಯುವಾಗ, ಬಿ.ಕಾಂ. ಕೊನೆಯ ವರ್ಷದಲ್ಲಿರುವ ಒಬ್ಬ ತಂಗಿ ಕೇಳಿದಳು: "ಅಣ್ಣ, ನನಗೆ ಸೇವೆಗೆ ಹೋಗಬೇಕು ಅಂತ ಮನಸ್ಸಿದೆ. ಆದರೆ ಡಿಗ್ರಿ ಆದಮೇಲೆ ಇನ್ನೂ ನಾಲ್ಕು ವರ್ಷ ಬಿ.ಡಿ. ಯಾಕೆ ಓದಬೇಕು? ಪೇತ್ರ ಯಾವ ಕಾಲೇಜಿಗೆ ಹೋಗಿದ್ದ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಉತ್ತರ ಹೇಳಲಾಗಲಿಲ್ಲ. ಬಿ.ಎಸ್ಸಿ. ಮುಗಿಸಿ ಎರಡು ವರ್ಷದಿಂದ ನಾನೂ ಇದೇ ಪ್ರಶ್ನೆಯನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇನೆ. ಮನೆಯಲ್ಲಿ ಕೇಳುವ ಮಾತು ಇನ್ನೊಂದು: "ಕೆಮಿಸ್ಟ್ರಿ ಓದಿ ಅಯ್ಯನವರಾಗ್ತೀಯಾ?"

ಉತ್ತರ ಹುಡುಕಲು ನಾವು ದೂರ ಹೋಗಬೇಕಿಲ್ಲ. ಎಮರಾಲ್ಡ್‌ನಿಂದ ಊಟಿಗೆ ಹೋಗಿ ಬಸ್ಸು ಬದಲಾಯಿಸಿದರೆ ಕೇತಿ. ಆ ಕಣಿವೆಯಲ್ಲಿ 1840ರ ದಶಕದಲ್ಲಿ ಕಾಸಮೇಜರ್ ಎಂಬ ನಿವೃತ್ತ ಅಧಿಕಾರಿ ವಾಸವಾಗಿದ್ದರು. ಮದ್ರಾಸ್ ಸರ್ಕಾರದಲ್ಲಿ ದೊಡ್ಡ ಹುದ್ದೆ ನೋಡಿದವರು. ಬೆಟ್ಟಕ್ಕೆ ಬಂದ ಮೇಲೆ ಬಡಗರ ಮಾತನ್ನು ಕಲಿತು, ಮಕ್ಕಳಿಗೆ ಶಾಲೆ ತೆರೆದು, ಲೂಕನ ಸುವಾರ್ತೆಯನ್ನು ಆ ಮಾತಿಗೆ ತರುವ ಕೆಲಸ ಹಿಡಿದರು. 1849ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನು ಬಾಸೆಲ್ ಮಿಶನ್ನಿಗೆ ಬಿಟ್ಟುಹೋದರು. ಅಷ್ಟರಲ್ಲಿ ಆ ಮಿಶನ್ನಿನವರು ಬೆಟ್ಟಕ್ಕೆ ಬಂದಿದ್ದರು. ಅವರಲ್ಲಿ ಮೆಟ್ಜ್ ಎಂಬವರು ಹಟ್ಟಿಯಿಂದ ಹಟ್ಟಿಗೆ ನಡೆದೇ ತಿರುಗಿದರು. ಬೆಟ್ಟದ ಜನರ ಬಗ್ಗೆ ಅವರು ಬರೆದ ಪುಸ್ತಕದ ಎರಡನೆಯ ಮುದ್ರಣ 1864ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಬಂತು. ಇಷ್ಟೆಲ್ಲ ನಡೆದರೂ ಮೊದಲ ಬಡಗ ವ್ಯಕ್ತಿ ದೀಕ್ಷಾಸ್ನಾನ ಪಡೆದದ್ದು 1858ರಲ್ಲಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೂ ಇಲ್ಲ! ನಮ್ಮ ಕೂಟಕ್ಕೆ ಹತ್ತು ಜನ ಬಾರದಿದ್ದರೆ ನಾನು ಮುಖ ಸಣ್ಣದು ಮಾಡಿಕೊಳ್ಳುತ್ತೇನೆ.

ಹೀಗೆ ಹುಟ್ಟಿದ ಸಭೆಯನ್ನು ಯಾರು ಮೇಯಿಸಬೇಕು? ಇದಕ್ಕೆ ಮಿಶನ್ ಮಂಗಳೂರಿನಲ್ಲಿ ಆಗಲೇ ಒಂದು ಉತ್ತರ ಸಿದ್ಧಮಾಡಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, 1847ರಲ್ಲಿ ಅಲ್ಲಿ ದೇವಶಾಸ್ತ್ರದ ಸೆಮಿನರಿ ಆರಂಭಿಸಿತು. ಬಲ್ಮಠ ಗುಡ್ಡದ ಹೆಸರು ಕನ್ನಡ ಕ್ರೈಸ್ತರಿಗೆಲ್ಲ ಪರಿಚಿತವಾದದ್ದು ಹೀಗೆ. ಈ ಕೆಲಸದ ಹಿಂದೆ ಇದ್ದವರು ಹೆರ್ಮನ್ ಮೋಗ್ಲಿಂಗ್. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದವರು ಎಂದು ಶಾಲೆಯಲ್ಲಿ ಓದಿರುತ್ತೀರಿ. ಪತ್ರಿಕೆಯ ಮೋಗ್ಲಿಂಗ್ ಎಲ್ಲರಿಗೂ ಗೊತ್ತು, ಮೇಷ್ಟ್ರು ಮೋಗ್ಲಿಂಗ್ ಅಷ್ಟಾಗಿ ಗೊತ್ತಿಲ್ಲ. ಅವರು ಸ್ವತಃ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಅವರ ಜೊತೆಗಾರರಲ್ಲಿ ಅನೇಕರು ರೈತರ, ಕುಶಲಕರ್ಮಿಗಳ ಮನೆಯ ಹುಡುಗರು. ಬಾಸೆಲಿನ ಮಿಶನ್ ಶಾಲೆಯಲ್ಲಿ ವರ್ಷಗಟ್ಟಲೆ ಕಲಿತು ಹಡಗು ಹತ್ತಿದವರು. ಅಂದರೆ ಓದು ಬೇಡ ಎಂದವರು ಅವರಲ್ಲಿ ಯಾರೂ ಇರಲಿಲ್ಲ. ಎಷ್ಟು ಓದು, ಯಾರಿಗೆ ಓದು ಎಂಬುದೇ ಪ್ರಶ್ನೆ.

ಮೋಗ್ಲಿಂಗರ ಶಿಷ್ಯನೊಬ್ಬನ ಕಥೆ ನನಗೆ ಬಹಳ ಇಷ್ಟ. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಹೊಂದಿದ. ಊರಲ್ಲಿ ದೊಡ್ಡ ಗದ್ದಲವೇ ಆಯಿತು. 1846ರಲ್ಲಿ ಮೋಗ್ಲಿಂಗ್ ಅವನನ್ನು ಜೊತೆಗೆ ಬಾಸೆಲಿಗೆ ಕರೆದುಕೊಂಡು ಹೋದರು. ಅಲ್ಲಿ ಜರ್ಮನ್ ಹುಡುಗರ ಜೊತೆ ಅದೇ ಬೆಂಚಿನಲ್ಲಿ ಕೂತು ಓದಿ, 1851ರಲ್ಲಿ ಅಭಿಷೇಕ ಹೊಂದಿ ಊರಿಗೆ ಮರಳಿದ. ಆಮೇಲೆ ಅದೇ ಮಂಗಳೂರು ಸೆಮಿನರಿಯಲ್ಲಿ ಪಾಠ ಹೇಳಿದರು (ಇಲ್ಲಿಂದ ಬಹುವಚನ, ಅವರು ಈಗ ಗುರುಗಳು). ಕೊಡಗಿನ ಆನಂದಪುರ ಅವರ ಹೆಸರಿನ ಊರೇ.

ಒಬ್ಬ ಕೌಂಡಿನ್ಯರಿಗೆ ಸಿಕ್ಕಿದ್ದು ಎಲ್ಲರಿಗೂ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ನಮ್ಮವರಲ್ಲಿ ಹೆಚ್ಚಿನವರು ಬಹುಕಾಲ ಉಪದೇಶಿಗಳಾಗಿಯೇ ಉಳಿದರು. ಮಳೆಯಲ್ಲಿ ನಡೆದವರು ಅವರು, ರೋಗಿಗಳ ಹತ್ತಿರ ಕೂತವರು ಅವರು, ಮಕ್ಕಳಿಗೆ ಅಕ್ಷರ ಕಲಿಸಿದವರು ಅವರು. ತೀರ್ಮಾನ ಮಾತ್ರ ಮಿಶನ್ ಬಂಗಲೆಯಲ್ಲಿ. ಮಿಶನರಿಗಳ ಮೇಲೆ ನನಗೆ ಗೌರವ ಇದೆ, ಆದರೆ ಈ ವಿಷಯದಲ್ಲಿ ಅವರು ತೀರಾ ನಿಧಾನಿಸಿದರು ಅನಿಸುತ್ತದೆ. 1914ರಲ್ಲಿ ಯುದ್ಧ ಶುರುವಾದಾಗ ಅದರ ಬೆಲೆ ಗೊತ್ತಾಯಿತು. ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರ್ಕಾರ ಶಿಬಿರಗಳಲ್ಲಿ ಇಟ್ಟು, ಆಮೇಲೆ ದೇಶಕ್ಕೆ ಕಳಿಸಿತು. ಮಿಶನ್ನಿನ ಹಂಚಿನ ಕಾರ್ಖಾನೆಗಳೂ ನೇಯ್ಗೆ ಕಾರ್ಖಾನೆಗಳೂ ಕೈಬಿಟ್ಟುಹೋದವು. ಕುರಿಗಳು ಇಲ್ಲೇ ಇದ್ದವು, ಕುರುಬರಲ್ಲಿ ಬಹಳ ಮಂದಿ ಇಲ್ಲ.

ಅದೇ ಕಾಲದಲ್ಲಿ ಬೇರೆ ಕಡೆ ಒಂದು ಬಾಗಿಲು ತೆರೆಯುತ್ತಿತ್ತು. ಬಂಗಾಳದ ಸೆರಾಂಪುರದಲ್ಲಿ ಕೇರಿ, ಮಾರ್ಷ್‌ಮನ್, ವಾರ್ಡ್ ಎಂಬ ಮೂವರು 1818ರಲ್ಲಿ ಕಾಲೇಜು ಕಟ್ಟಿದ್ದರು. ಆಗ ಆ ಊರು ಡೆನ್ಮಾರ್ಕಿನ ಕೈಯಲ್ಲಿತ್ತು, ಆದ್ದರಿಂದ 1827ರಲ್ಲಿ ಪದವಿ ಕೊಡುವ ಹಕ್ಕು ಸಿಕ್ಕಿದ್ದು ಡೆನ್ಮಾರ್ಕಿನ ರಾಜನಿಂದ! ಆ ಹಕ್ಕು ಬಹುಕಾಲ ಸುಮ್ಮನೆ ಪೆಟ್ಟಿಗೆಯಲ್ಲಿತ್ತು. 1915ರಲ್ಲಿ ಮೊದಲ ಬಿ.ಡಿ. ಪದವಿಗಳನ್ನು ಕೊಟ್ಟರು. 1918ರ ಕಾಯ್ದೆಯಿಂದ ಸೆರಾಂಪುರ ಸೆನೆಟ್ ರೂಪುಗೊಂಡು, ಬೇರೆ ಊರುಗಳ ಕಾಲೇಜುಗಳಿಗೂ ಮಾನ್ಯತೆಯ ದಾರಿಯಾಯಿತು. ಬೆಂಗಳೂರಿನಲ್ಲಿ 1910ರಲ್ಲಿ ಹಲವು ಮಿಶನ್‌ಗಳು ಸೇರಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಆರಂಭಿಸಿದ್ದವು. ಅಲ್ಲಿಯ ಪಾಠ ಇಂಗ್ಲಿಷಿನಲ್ಲಿ. ಹಳ್ಳಿಯ ಅಜ್ಜಿಯ ಹಾಸಿಗೆಯ ಪಕ್ಕ ಕೂತು ಪ್ರಾರ್ಥಿಸುವವರು ಇಂಗ್ಲಿಷಿನಲ್ಲಿ ಕಲಿತದ್ದನ್ನು ಕನ್ನಡಕ್ಕೆ ತರಬೇಕಲ್ಲ? ಅದಕ್ಕೆ ಉತ್ತರವಾಗಿ 1965ರಲ್ಲಿ ಮಂಗಳೂರಿನ ಹಳೆಯ ಸೆಮಿನರಿಯೂ ತುಮಕೂರಿನ ಯೂನಿಯನ್ ಕೆನರೀಸ್ ಸೆಮಿನರಿಯೂ ಒಂದಾಗಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು. ಜಾಗ ಅದೇ ಬಲ್ಮಠ.

ಈಗ ನಮ್ಮ ತೊಡಕಿಗೆ ಬರುತ್ತೇನೆ. ಮಿಶನ್ ಕಾಲದಲ್ಲಿ ಮಂಗಳೂರೂ ನೀಲಗಿರಿಯೂ ಒಂದೇ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಕೇತಿಗೆ ಬೇಕಾದ ಪುಸ್ತಕ ಮಂಗಳೂರಿನಲ್ಲಿ ಅಚ್ಚಾಗುವುದು ಸಹಜವಾಗಿತ್ತು. 1947ರಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು, 1956ರಲ್ಲಿ ರಾಜ್ಯಗಳ ಗಡಿ ಭಾಷೆಯ ಪ್ರಕಾರ ಎಳೆಯಲ್ಪಟ್ಟಿತು. ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಮದ್ರಾಸಿನಲ್ಲೇ ಉಳಿದೆವು. ನಮ್ಮ ಬೆಟ್ಟ ಕೊಯಮತ್ತೂರು ಡಯಾಸಿಸ್ಸಿನಲ್ಲಿದೆ. ಅಲ್ಲಿಂದ ಓದಲು ಹೋಗುವವರಿಗೆ ಸಹಜವಾದ ದಾರಿ ಮದುರೈ ಅರಸರಡಿಯ ತಮಿಳುನಾಡು ಥಿಯಲಾಜಿಕಲ್ ಸೆಮಿನರಿ, 1969ರಲ್ಲಿ ಶುರುವಾದದ್ದು. ಒಳ್ಳೆಯ ಜಾಗ, ವಿದ್ಯಾರ್ಥಿಗಳನ್ನು ಕ್ಯಾಂಪಸ್ಸಿನಿಂದ ಹೊರಗೆ ಬಡವರ ನಡುವೆ ವಾಸಿಸಲು ಕಳಿಸುವ ಪದ್ಧತಿಗೆ ಹೆಸರಾದದ್ದು. ಆದರೆ ನಮ್ಮ ಅಜ್ಜಿಯ ಸತ್ಯವೇದ ಕನ್ನಡದ್ದು, ನಾನು ಶಾಲೆಯಲ್ಲಿ ಓದಿದ್ದು ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್, ಹಟ್ಟಿಯಲ್ಲಿ ಕೇಳುವುದು ಬಡಗ. ಸಾಯುವ ಹೊತ್ತಿನಲ್ಲಿ ಅಜ್ಜಿ ಯಾವ ಭಾಷೆಯಲ್ಲಿ ಕೀರ್ತನೆ ಕೇಳಬಯಸುತ್ತಾರೋ ಆ ಭಾಷೆಯಲ್ಲಿ ಅದನ್ನು ಓದಬಲ್ಲ ಅಯ್ಯನವರು ಬೇಕು. ನಾಲ್ಕು ವರ್ಷ ಯಾಕೆ ಎಂಬುದಕ್ಕೆ ನನಗೆ ಸಿಕ್ಕ ಉತ್ತರದ ಒಂದು ಭಾಗ ಇದು.

ಇನ್ನು ಪೇತ್ರನ ವಿಷಯ. ಅಪೊಸ್ತಲರ ಕೃತ್ಯಗಳು 4ರಲ್ಲಿ ಅವನನ್ನೂ ಯೋಹಾನನನ್ನೂ ಓದಿಲ್ಲದವರೆಂದು ಹಿರಿಯರು ಗುರುತಿಸುತ್ತಾರೆ, ನಿಜ. ಆದರೆ ಅದೇ ವಾಕ್ಯದಲ್ಲಿ ಅವರು ಯೇಸುವಿನ ಸಂಗಡ ಇದ್ದವರೆಂಬುದೂ ಇದೆ. ಹಗಲೂ ರಾತ್ರಿ ಗುರುವಿನ ಜೊತೆ ಇದ್ದು, ತಪ್ಪು ಮಾಡಿ, ಬೈಸಿಕೊಂಡು ಕಲಿತವರು ಅವರು. ಪೌಲನು ಗಮಲಿಯೇಲನ ಪಾದದ ಬಳಿ ಓದಿದವನು. ದೇವರು ಇಬ್ಬರನ್ನೂ ಉಪಯೋಗಿಸಿದನು. ಬಿ.ಡಿ. ಸರ್ಟಿಫಿಕೇಟ್ ಇದ್ದು ಗುರುವಿನ ಜೊತೆ ಇರದವರನ್ನೂ ನಾವು ನೋಡಿದ್ದೇವೆ, ಅದನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ.

ಎಲ್ಲರೂ ಅಭಿಷೇಕಕ್ಕೆ ಹೋಗಬೇಕಿಲ್ಲ. ಕೆಲಸದಲ್ಲಿದ್ದುಕೊಂಡೇ ಅಂಚೆಯ ಮೂಲಕ ಓದಲು ಸೆರಾಂಪುರ ಸೆನೆಟ್ಟಿನ ಡಿಪ್ಲೊಮಾ ಇದೆ, ಪದವೀಧರರಿಗೆ ಬಿ.ಸಿ.ಎಸ್. ಇದೆ. ಭಾನುವಾರ ಶಾಲೆಯ ಅಕ್ಕಂದಿರು ಇದನ್ನು ಗಮನಿಸಿ. ಆ ತಂಗಿ ಮಾತ್ರ ಬಿ.ಡಿ.ಯೇ ಬೇಕು ಎನ್ನುತ್ತಿದ್ದಾಳೆ, ಅಯ್ಯನವರ ಹತ್ತಿರ ಮಾತಾಡಿದ್ದಾಳೆ. ಅವಳ ಅಪ್ಪ ಇನ್ನೂ ಒಪ್ಪಿಲ್ಲ, ಪ್ರಾರ್ಥನೆಯಲ್ಲಿ ನೆನೆಯಿರಿ.

ಒಂದು ಕೋರಿಕೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕನ್ನಡ ಸತ್ಯವೇದ, ಗೀತೆಗಳ ಪುಸ್ತಕ, ಉಪದೇಶಿಯಾಗಿದ್ದ ಅಜ್ಜನ ಪತ್ರ ಅಥವಾ ಫೋಟೊ ಇದ್ದರೆ ಮುಂದಿನ ಕೂಟಕ್ಕೆ ತನ್ನಿ. ಮೊದಲ ಪುಟದಲ್ಲಿ ಹೆಸರು, ವರ್ಷ ಬರೆದಿದ್ದರೆ ಇನ್ನೂ ಒಳ್ಳೆಯದು. ಮೊಬೈಲಿನಲ್ಲಿ ಫೋಟೊ ತೆಗೆದು ಅಲ್ಲೇ ವಾಪಸ್ ಕೊಡುತ್ತೇವೆ.